‘ಆರ್ಕೇನ್’ ಚಿತ್ರಮಾಲೆಯಲ್ಲಿ ಸೆವಿಕಾ ಪಾತ್ರ

2021ರಲ್ಲಿ ಒಂಬತ್ತು ಕಂತುಗಳ ಮೊದಲ ಭಾಗವಾಗಿ ಬಂದ ‘ಆರ್ಕೇನ್’ ಎಂಬ ಆನಿಮೇಷನ್ ಚಿತ್ರಮಾಲೆಯು, ಸಿರಿನಗರಿ ಪಿಲ್ಟೋವರಿಗೂ ಬಡ ಕೆಳನಗರ ಝಾನಿಗೂ ಇರುವ ವೈರವನ್ನು ಸಾವಧಾನವಾಗಿ ಬೆಳೆಯಿಸಿ ರಸಿಕರ ಮನವನ್ನೊಲಿಸಿತು. 2024ರ ಎರಡನೆಯ ಭಾಗಕ್ಕೂ ಒಂಬತ್ತೇ ಕಂತುಗಳು. ಆದರೆ ನೋಕ್ಸಸಿನ ದಂಡು, ಬೇರೊಂದು ಕಾಲಲೋಕ, ವಿಕ್ಟರನ ದೈವೀಭಾವ, ಎಲ್ಲವೂ ಆ ಇಕ್ಕಟ್ಟಿನಲ್ಲಿಯೇ ಸೇರಿಕೊಂಡಿವೆ. ಒಂದು ಶೋಕವು ಎದೆಗಿಳಿಯುವ ಮೊದಲೇ ಮತ್ತೊಂದು ಕಲಹವು ಮೊದಲಾಗುತ್ತದೆ.

ಈ ಅವಸರಕ್ಕೆ ಬಲಿಯಾದವಳು ಸೆವಿಕಾ. ಒಡೆಯನಾದ ಸಿಲ್ಕೋ ಅಳಿದ ಮೇಲೆ ಝಾನಿನ ದನಿಯಾಗತಕ್ಕವಳು ಅವಳೇ. ಕಡೆಯಲ್ಲಿ ಅವಳನ್ನು ಪಿಲ್ಟೋವರಿನ ಮಂತ್ರಾಲೋಚನಾ ಸಭೆಯಲ್ಲಿ ಕ್ಷಣಮಾತ್ರ ಕಾಣಿಸಿದ್ದಾರೆ. ಆ ಪೀಠಕ್ಕೇರಿದ ಬಗೆಯನ್ನು ಹೇಳಲಿಲ್ಲ. ವೈರವು ಹೇಗೆ ತೀರೀತೆಂಬುದೇ ಕಥೆಯ ಮೂಲಪ್ರಶ್ನೆಯಾಗಿರಲು, ಅದರ ಉತ್ತರವನ್ನು ಒಂದು ಕುರ್ಚಿಗೆ ಬಿಟ್ಟುದು ಅನುಚಿತವೆಂದು ನಮ್ಮ ಮತ. ಚಿತ್ರಕಾರರ ಕೌಶಲವು ಅಸಾಧಾರಣವಾದುದು. ಕಥೆಗಾರರಿಗೆ ತಾಳ್ಮೆಯೊಂದು ಸಾಲದಾಯಿತು.