ನಿತ್ಯಪುಷ್ಪದ ಕಥೆ: ಒಂದು ಪರಿಶೀಲನೆ

ಮಡಗಾಸ್ಕರ್ ದ್ವೀಪವನ್ನು ತವರಾಗಿ ಉಳ್ಳ ನಿತ್ಯಪುಷ್ಪವು, ಅರ್ಥಾತ್ ಕಾಶಿಕಣಗಿಲೆಯು, ಇಂದು ಉಷ್ಣವಲಯದ ದೇಶಗಳಲ್ಲೆಲ್ಲ ಹಬ್ಬಿದೆ. ಕನ್ನಡನಾಡಿನ ಹಿತ್ತಿಲುಗಳಲ್ಲಿಯೂ ಇದು ಚಿರಪರಿಚಿತ. ಈ ಕಿರುಪೊದೆಯನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ: ದ್ವೀಪದ ನಾಟಿವೈದ್ಯರು ಇದರಿಂದ ಅರ್ಬುದರೋಗವನ್ನು ಗುಣಪಡಿಸುತ್ತಿದ್ದರು, ಪಾಶ್ಚಾತ್ಯ ವಿಜ್ಞಾನವು ಆ ವಿದ್ಯೆಯನ್ನು ಅಪಹರಿಸಿತು ಎಂಬುದೇ ಆ ಕಥೆ. ಇದು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಇಲ್ಲಿ ವಿಚಾರಿಸಲಿಚ್ಛಿಸುತ್ತೇವೆ.

ಸಂಶೋಧಕರನ್ನು ಈ ಗಿಡದತ್ತ ಸೆಳೆದುದು ಅರ್ಬುದದ ಮಾತಲ್ಲ, ಮಧುಮೇಹದ ಮಾತು. ಜಮೈಕಾ, ಫಿಲಿಪ್ಪೀನ್ಸ್ ಮೊದಲಾದ ದ್ವೀಪಗಳ ಜನ ಇದರ ಎಲೆಯ ಕಷಾಯವನ್ನು ಆ ರೋಗಕ್ಕೆ ಸೇವಿಸುತ್ತಿದ್ದರು. ಕೆನಡದ ವೆಸ್ಟರ್ನ್ ಆಂಟೇರಿಯೊ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವರು ಜಮೈಕಾದ ಎಲೆಗಳನ್ನು ಪರೀಕ್ಷಿಸಿದಾಗ, ರಕ್ತದ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ಕೊಟ್ಟ ಸಾರದಿಂದ ಇಲಿಗಳ ಬಿಳಿಯ ರಕ್ತಕಣಗಳು ಕುಸಿದವು. ಇದರಿಂದ ವಿನ್‌ಬ್ಲಾಸ್ಟಿನ್ ದೊರೆಯಿತು. 1958ರಲ್ಲಿ ಪ್ರಕಟವಾದ ಅವರ ಪ್ರಬಂಧದ ಶೀರ್ಷಿಕೆಯೇ ಇದನ್ನು ಆಕಸ್ಮಿಕ ವೀಕ್ಷಣೆಯೆಂದು ಒಪ್ಪಿಕೊಳ್ಳುತ್ತದೆ. ಎಲೈ ಲಿಲ್ಲಿ ಸಂಸ್ಥೆಯಲ್ಲಿ ದೊರೆತ ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅಮೆರಿಕದ ಅನುಮತಿ ಲಭಿಸಿತು. ಮಕ್ಕಳ ರಕ್ತದ ಅರ್ಬುದದ ಚಿಕಿತ್ಸೆಯಲ್ಲಿ ಅದು ಇಂದಿಗೂ ಮುಖ್ಯ.

ಹೀಗಿರಲು, ಅರ್ಬುದಕ್ಕೆ ಇದು ಪಾರಂಪರಿಕ ಮದ್ದೆಂದು ಹೇಳುವುದು ಸಾಧುವಲ್ಲ. ಹಾಗೆಂದು, ಜನಜ್ಞಾನಕ್ಕೆ ಏನೂ ಸಲ್ಲದೆಂಬ ವಾದವೂ ಒಪ್ಪತಕ್ಕುದಲ್ಲ. ಆ ಕಷಾಯದ ಖ್ಯಾತಿ ಇಲ್ಲದಿದ್ದರೆ ಎಲೆ ಪ್ರಯೋಗಶಾಲೆಯನ್ನು ಮುಟ್ಟುತ್ತಿರಲಿಲ್ಲ. ಋಣವುಂಟು, ಆದರೆ ಅದು ದಾರಿ ತೋರಿದ ಋಣ, ಸಿದ್ಧೌಷಧವನ್ನು ಇತ್ತ ಋಣವಲ್ಲ. ಇಂತಹ ಋಣದ ಲೆಕ್ಕವನ್ನು ಕೇಳಲು ಆಗ ನಿಯಮವಿರಲಿಲ್ಲ. ಜೀವವೈವಿಧ್ಯದ ಒಪ್ಪಂದ 1992ರಲ್ಲಿಯೂ, ಲಾಭದ ಹಂಚಿಕೆಯನ್ನು ಕುರಿತ ನಗೋಯಾ ಒಡಂಬಡಿಕೆ 2010ರಲ್ಲಿಯೂ ಬಂದವು. ನಿತ್ಯಕಲ್ಯಾಣಿಯೆಂಬ ಸಂಸ್ಕೃತದ ಹೆಸರನ್ನು ಹಿಡಿದು ಇದನ್ನು ನಮ್ಮ ಪ್ರಾಚೀನ ಮೂಲಿಕೆಯೆಂದು ಸಾಧಿಸಹೊರಡುವುದೂ ಅಷ್ಟೇ ದುರ್ಬಲ. ಹೆಸರು ತವರನ್ನು ಬದಲಿಸದು.

ಈ ವಿವೇಚನೆ ಕೇವಲ ಇತಿಹಾಸದ ಅಚ್ಚುಕಟ್ಟಿಗಾಗಿ ಅಲ್ಲ. ಈ ಕಥೆಯನ್ನು ನಂಬಿದ ರೋಗಿ ಹಿತ್ತಿಲ ಎಲೆಯನ್ನು ಕುದಿಸಿ ಕುಡಿದಾನು, ಆಸ್ಪತ್ರೆಯ ಕಾಲವನ್ನು ಕಳೆದುಕೊಂಡಾನು. ಎಲೆಯಲ್ಲಿ ಆ ಸತ್ತ್ವಗಳು ಅತ್ಯಲ್ಪ. ಶುದ್ಧೀಕರಿಸಿದ ಮೇಲೆ ಮಿಲಿಗ್ರಾಮುಗಳ ಲೆಕ್ಕದಲ್ಲಿ, ರಕ್ತನಾಳದ ಮೂಲಕವೇ ಕೊಡತಕ್ಕವು. ಜೀವಕೋಶದ ವಿಭಜನೆಯನ್ನು ತಡೆಯುವ ಅದೇ ಗುಣ ಅಳತೆ ತಪ್ಪಿದರೆ ವಿಷ. ಜನಜ್ಞಾನವನ್ನು ಗೌರವಿಸುವವರು ಅದು ಹೇಳಿದುದನ್ನು ಹೇಳಿದಷ್ಟೇ ದಾಖಲಿಸಬೇಕು. ಹೇಳದುದನ್ನು ಅದರ ಬಾಯಲ್ಲಿ ಇಡುವುದು ಗೌರವವಲ್ಲವೆಂದು ನಾವು ಭಾವಿಸುತ್ತೇವೆ.