ಮುಂಬಯಿಯ ಡಾನ್ಸ್ ಬಾರ್: ಸ್ಥಳವಿನ್ಯಾಸ ಮತ್ತು ಗಿರಾಕಿಯ ನಡತೆ

ಒಂದು ಸ್ಥಳದಲ್ಲಿ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಆ ಸ್ಥಳದ ಕಟ್ಟೋಣವೇ ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬ ತಿಳಿವಳಿಕೆ ಕನ್ನಡದ ಬದುಕಿಗೆ ಹೊಸದಲ್ಲ. ಜಗಲಿ, ಪಡಸಾಲೆ, ನಡುಮನೆ, ದೇವರಮನೆಗಳ ಶ್ರೇಣಿಯು ಯಾರು ಎಲ್ಲಿಯವರೆಗೆ ಬರಬಹುದು ಎಂಬ ನಿಯಮವನ್ನು ಬಾಯಿಬಿಟ್ಟು ಹೇಳದೆಯೇ ಜಾರಿಯಲ್ಲಿಡುತ್ತಿತ್ತು. ಹೋಟೆಲುಗಳ ‘ಫ್ಯಾಮಿಲಿ ರೂಮ್’ ಇದೇ ನಿಯಮದ ಆಧುನಿಕ ರೂಪ. ಒಂದು ಹಲಗೆಯ ಮರೆ, ಒಂದು ಪರದೆ—ಇಷ್ಟರಿಂದಲೇ ಗಂಡಸರ ಗದ್ದಲದ ನಡುವೆ ಹೆಂಗಸರು ಕುಳಿತು ಕಾಫಿ ಕುಡಿಯಬಹುದಾದ ಜಾಗವೊಂದು ನಿರ್ಮಾಣವಾಯಿತು. ಇಲ್ಲಿ ಗೋಡೆಯು ಕೇವಲ ಇಟ್ಟಿಗೆಯ ರಚನೆಯಲ್ಲ. ಅದು ನಡತೆಯ ಕಟ್ಟಳೆಯೂ ಹೌದು.

ವಯಸ್ಕರ ಮನರಂಜನೆಯ ತಾಣಗಳಲ್ಲಿ ಈ ಕಟ್ಟಳೆಯು ವ್ಯಾಪಾರದ ಸಾಧನವಾಗುತ್ತದೆ. ಅದು ಹೇಗೆ ಕೆಲಸ ಮಾಡುತ್ತದೆ, ಅದನ್ನು ತಿದ್ದಲು ಹೊರಟ ಪ್ರಭುತ್ವ ಏನನ್ನು ಕಂಡಿತು, ಏನನ್ನು ಕಾಣಲಿಲ್ಲ ಎಂಬುದನ್ನು ಪರಿಶೀಲಿಸಲು ಮುಂಬಯಿಯ ಡಾನ್ಸ್ ಬಾರ್‌ಗಳ ಇತಿಹಾಸ ತಕ್ಕ ನಿದರ್ಶನ. 2005ರಿಂದ 2019ರವರೆಗೆ ನಡೆದ ನ್ಯಾಯಾಲಯದ ವ್ಯಾಜ್ಯದಲ್ಲಿ ನೃತ್ಯದಷ್ಟೇ ನೃತ್ಯದ ಕೋಣೆಯೂ ವಿಚಾರಣೆಗೆ ಒಳಗಾಯಿತು. ಕರಾವಳಿ ಕರ್ನಾಟಕದಿಂದ ವಲಸೆ ಹೋದವರು ಮುಂಬಯಿಯ ಹೋಟೆಲು ಮತ್ತು ಪರ್ಮಿಟ್ ರೂಮ್ ಉದ್ಯಮದಲ್ಲಿ ದೊಡ್ಡ ಸಂಖ್ಯೆಯಲ್ಲಿರುವುದರಿಂದ ಈ ಇತಿಹಾಸ ಕನ್ನಡಿಗರಿಗೆ ತೀರ ದೂರದ್ದೂ ಅಲ್ಲ.

1. ಸಿದ್ಧಾಂತದ ನೆಲೆ

ಮಾರಾಟದ ಸ್ಥಳದ ವಾತಾವರಣವನ್ನೇ ಒಂದು ಸರಕೆಂದು ಪರಿಗಣಿಸಬೇಕೆಂಬ ವಾದವನ್ನು ಫಿಲಿಪ್ ಕೋಟ್ಲರ್ 1973-74ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ನೋಟ, ನಾದ, ವಾಸನೆ, ಸ್ಪರ್ಶ ಎಂಬ ನಾಲ್ಕು ಇಂದ್ರಿಯಮಾರ್ಗಗಳ ಮೂಲಕ ಸ್ಥಳವು ಕೊಳ್ಳುವವನ ಮನಸ್ಸನ್ನು ಮುಟ್ಟುತ್ತದೆ ಎಂಬುದು ಅವರ ಪ್ರತಿಪಾದನೆ. 1992ರಲ್ಲಿ ಮೇರಿ ಜೋ ಬಿಟ್ನರ್ ಈ ವಿಚಾರವನ್ನು ಸೇವಾಕ್ಷೇತ್ರಕ್ಕೆ ವಿಸ್ತರಿಸಿ, ಭೌತಿಕ ಪರಿಸರವು ಗ್ರಾಹಕನ ಮೇಲೆ ಮಾತ್ರವಲ್ಲ, ಅಲ್ಲಿ ದುಡಿಯುವವರ ಮೇಲೂ ಪರಿಣಾಮ ಬೀರುತ್ತದೆ ಎಂದು ಸ್ಪಷ್ಟಪಡಿಸಿದರು. ಈ ಎರಡನೆಯ ಮಾತಿಗೆ ಪ್ರಸ್ತುತ ಚರ್ಚೆಯಲ್ಲಿ ವಿಶೇಷ ಮಹತ್ವವಿದೆ.

ಲಾಸ್ ವೇಗಸ್‌ನ ಜೂಜುಗೃಹಗಳ ವಿನ್ಯಾಸದಲ್ಲಿ ಎರಡು ವಿರುದ್ಧ ಪಂಥಗಳು ಕಾಣುತ್ತವೆ. ಬಿಲ್ ಫ್ರೀಡ್‌ಮನ್ 2000ದಲ್ಲಿ ಪ್ರಕಟಿಸಿದ ಗ್ರಂಥವು ತಗ್ಗಾದ ಛಾವಣಿ, ಇಕ್ಕಟ್ಟಾದ ಅಂಕುಡೊಂಕಿನ ಹಾದಿ, ಎಲ್ಲಿ ತಿರುಗಿದರೂ ಆಟದ ಯಂತ್ರ ಎಂಬ ಚಕ್ರವ್ಯೂಹದ ಮಾದರಿಯನ್ನು ಎತ್ತಿಹಿಡಿಯಿತು. ಇದಕ್ಕೆ ಪ್ರತಿಯಾಗಿ ರೋಜರ್ ಥಾಮಸ್ 1998ರ ಬೆಲಾಜಿಯೊ, 2005ರ ವಿನ್ ಮೊದಲಾದ ಕಡೆಗಳಲ್ಲಿ ಎತ್ತರದ ಛಾವಣಿ, ಹಗಲಬೆಳಕು, ಹೂವಿನ ಅಲಂಕಾರಗಳನ್ನು ತಂದರು. ಮಾರ್ಗ ವಿರುದ್ಧವಾದರೂ ಗುರಿ ಒಂದೇ: ಬಂದವನು ಹೆಚ್ಚು ಹೊತ್ತು ಉಳಿಯಬೇಕು, ಹೆಚ್ಚು ಖರ್ಚು ಮಾಡಬೇಕು. ಹಾಗಾಗಿ ಇಂಥ ದೀಪ ಇಂಥ ನಡತೆಯನ್ನು ಹುಟ್ಟಿಸುತ್ತದೆ ಎಂಬ ಯಾಂತ್ರಿಕ ಸಮೀಕರಣ ನಿಲ್ಲುವುದಿಲ್ಲ. ಆ ಕೋಣೆ ನಿಜವಾಗಿ ಮಾರುತ್ತಿರುವುದು ಏನನ್ನು ಎಂಬುದನ್ನು ಮೊದಲು ಕೇಳಬೇಕಾಗುತ್ತದೆ.

2. ಕೋಣೆ ಮಾರಿದ್ದು ಏನನ್ನು?

ಡಾನ್ಸ್ ಬಾರ್ ಮಾರುತ್ತಿದ್ದುದು ಮದ್ಯವನ್ನೆಂದು ಪರವಾನಗಿ ಹೇಳುತ್ತದೆ. ನೃತ್ಯವನ್ನೆಂದು ಫಲಕ ಹೇಳುತ್ತದೆ. ಕೋಣೆಯ ರಚನೆ ಬೇರೊಂದನ್ನು ಹೇಳುತ್ತದೆ. ಹೊರಬೆಳಕಿಗೆ ಮುಚ್ಚಿದ, ತಂಪಾಗಿಸಿದ ಅಂಗಣ. ನಡುವೆ ಅಥವಾ ಒಂದು ಪಕ್ಕಕ್ಕೆ ತುಸು ಎತ್ತರದ ನೃತ್ಯದ ನೆಲ. ಗೋಡೆಗುಂಟ ಮೆತ್ತೆಯ ಆಸನ. ಗೋಡೆಯ ತುಂಬ ಕನ್ನಡಿ. ನೃತ್ಯ ಸಾಮಾನ್ಯವಾಗಿ ಹಿಂದಿ ಚಲನಚಿತ್ರದ ಹಾಡುಗಳಿಗೆ. ಉಡುಪು ಮೈತುಂಬಿದ ಲೆಹಂಗ ಅಥವಾ ಸೀರೆ. ಹೀಗಿರುವಾಗ ಗಿರಾಕಿ ಹಣ ತೆರುತ್ತಿದ್ದುದು ಯಾವುದಕ್ಕೆ?

ಉತ್ತರ ಕನ್ನಡಿಗಳಲ್ಲಿದೆ. ಅವು ನರ್ತಕಿಯನ್ನು ಹಲವಾಗಿಸುತ್ತವೆ, ನಿಜ. ಆದರೆ ಕುಳಿತವನನ್ನೂ ಅವನಿಗೇ ತೋರಿಸುತ್ತವೆ, ಅಕ್ಕಪಕ್ಕದವರಿಗೂ ತೋರಿಸುತ್ತವೆ. ನಾಟಕಶಾಲೆಯಲ್ಲಿ ಪ್ರೇಕ್ಷಕ ಕತ್ತಲಲ್ಲಿ ಕರಗುತ್ತಾನೆ. ಇಲ್ಲಿ ಪ್ರೇಕ್ಷಕನೂ ದೃಶ್ಯದ ಭಾಗವಾಗುತ್ತಾನೆ. ಗುರುತಿಸಲ್ಪಡುವ ಅನುಭವವೇ ಇಲ್ಲಿನ ಮುಖ್ಯ ಸರಕು. ಮಹಾನಗರದಲ್ಲಿ ಹೆಸರಿಲ್ಲದವನಾಗಿ ದುಡಿಯುವ ಗಂಡಸಿಗೆ ಒಬ್ಬಾಕೆಯ ನೋಟ, ಒಂದು ನಗು, ಅವನಿಗಾಗಿ ಹಾಕಿಸಿದ ಒಂದು ಹಾಡು ಆ ಅನುಭವವನ್ನು ಒದಗಿಸುತ್ತವೆ.

ನೋಟಿನ ವ್ಯವಹಾರ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ದೊಡ್ಡ ಮೊತ್ತವನ್ನು ಹತ್ತು ರೂಪಾಯಿಯ ಕಟ್ಟುಗಳಾಗಿ ಚಿಲ್ಲರೆ ಮಾಡಿಕೊಡುವ ಪದ್ಧತಿ ಕೇವಲ ಅನುಕೂಲಕ್ಕಲ್ಲ. ಸಾವಿರ ರೂಪಾಯಿಯನ್ನು ಒಮ್ಮೆಗೆ ಕೊಟ್ಟರೆ ಅದು ಪಾವತಿ. ನೂರು ನೋಟುಗಳಾಗಿ ತೂರಿದರೆ ಅದು ಪ್ರದರ್ಶನ. ಪಾವತಿ ಕ್ಷಣದಲ್ಲಿ ಮುಗಿಯುತ್ತದೆ. ಪ್ರದರ್ಶನ ಹಾಡು ಮುಗಿಯುವವರೆಗೆ ನಡೆಯುತ್ತದೆ ಮತ್ತು ಪಕ್ಕದ ಮೇಜಿನವನನ್ನು ಪೈಪೋಟಿಗೆ ಎಳೆಯುತ್ತದೆ. ಕೋಟ್ಲರ್ ಹೆಸರಿಸಿದ ಇಂದ್ರಿಯಗಳ ಸಾಲಿಗೆ ಇಲ್ಲಿ ಮತ್ತೊಂದು ಅಂಶವನ್ನು ಸೇರಿಸಬೇಕಾಗುತ್ತದೆ—ಪರರ ಕಣ್ಣು. ವಿನ್ಯಾಸವು ಗಿರಾಕಿಯ ಆಸೆಗಿಂತ ಅವನ ಪ್ರತಿಷ್ಠೆಯನ್ನು ಹೆಚ್ಚಾಗಿ ದುಡಿಸಿಕೊಂಡಿತು.

ಇದಕ್ಕೆ ಪೂರ್ವಪರಂಪರೆಯಿದೆ. ಅನ್ನಾ ಮಾರ್ಕಮ್ (2013) ಮತ್ತು ಸಮೀನಾ ದಳವಾಯಿ (2019) ಅವರ ಅಧ್ಯಯನಗಳು ತೋರಿಸಿರುವಂತೆ, ಬಾರ್‌ಗಳಿಗೆ ಬಂದ ಅನೇಕ ಮಹಿಳೆಯರು ನಟ, ಬೇಡಿಯಾ, ಕಂಜರ ಮೊದಲಾದ ಪಾರಂಪರಿಕ ಕಲಾವಿದ ಸಮುದಾಯಗಳಿಂದ ಬಂದವರು. ಆಸ್ಥಾನಗಳೂ ಮೆಹಫಿಲ್‌ಗಳೂ ಅಳಿದ ಮೇಲೆ, ‘ಶಾಸ್ತ್ರೀಯ’ ಎಂಬ ಹೊಸ ವೇದಿಕೆಯಲ್ಲಿ ಅವರಿಗೆ ಸ್ಥಾನ ಸಿಗಲಿಲ್ಲ. ಹಿಂದಿನ ಕೋಠಾದಲ್ಲೂ ಹಣ, ನೋಟ, ಪ್ರತಿಷ್ಠೆಗಳ ಆಟವಿತ್ತು. ಆದರೆ ವ್ಯತ್ಯಾಸ ಮೂಲಭೂತವಾದದ್ದು. ವೀಣಾ ತಲ್ವಾರ್ ಓಲ್ಡನ್‌ಬರ್ಗ್ ತಮ್ಮ 1990ರ ಲೇಖನದಲ್ಲಿ ಉಲ್ಲೇಖಿಸುವ ಲಖನೌದ 1858ರಿಂದ 1877ರವರೆಗಿನ ಪೌರ ತೆರಿಗೆ ದಾಖಲೆಗಳಲ್ಲಿ ತವಾಯಿಫರು ಅತ್ಯಧಿಕ ತೆರಿಗೆ ತೆರುವವರ ವರ್ಗದಲ್ಲಿದ್ದರು. ಮನೆ, ತೋಟಗಳ ಒಡತಿಯರಾಗಿದ್ದರು. ತನ್ನದೇ ಕೋಣೆಯಲ್ಲಿ ಗಿರಾಕಿ ಎಲ್ಲಿ ಕೂರಬೇಕು, ಯಾವಾಗ ಏಳಬೇಕು ಎಂಬುದನ್ನು ಅಂಥ ಒಡತಿ ನಿರ್ಧರಿಸಬಲ್ಲಳು. ಬಾರ್‌ನಲ್ಲಿ ಕೋಣೆ ಮಾಲೀಕನದು. ನರ್ತಕಿ ಆ ಕೋಣೆಯ ಒಂದು ಸಲಕರಣೆ. ತೂರಿದ ನೋಟಿನಲ್ಲೂ ಮಾಲೀಕನ ಪಾಲಿತ್ತು. ಕಲೆ ಮುಂದುವರಿದರೂ ಸ್ಥಳದ ಯಜಮಾನಿಕೆ ಕೈಬದಲಾಯಿತು.

3. ಕಾನೂನು ಎಂಬ ಎರಡನೆಯ ಶಿಲ್ಪಿ

2005ರಲ್ಲಿ ಮಹಾರಾಷ್ಟ್ರ ಸರ್ಕಾರ ಮುಂಬಯಿ ಪೊಲೀಸ್ ಕಾಯಿದೆಗೆ 33ಎ ಮತ್ತು 33ಬಿ ಕಲಮುಗಳನ್ನು ಸೇರಿಸಿ ಬಾರ್‌ಗಳಲ್ಲಿ ನೃತ್ಯವನ್ನು ನಿಷೇಧಿಸಿತು. ಆದರೆ ಮೂರು ನಕ್ಷತ್ರ ಮತ್ತು ಅದಕ್ಕೂ ಮೇಲಿನ ದರ್ಜೆಯ ಹೋಟೆಲುಗಳಿಗೆ, ಜಿಮ್‌ಖಾನಾ ಮುಂತಾದ ಕೂಟಗಳಿಗೆ ವಿನಾಯಿತಿಯಿತ್ತು. ಅಂದರೆ ಒಂದೇ ನೃತ್ಯ ಒಂದು ಕಟ್ಟಡದಲ್ಲಿ ಅಪರಾಧವಾಗಿ ಮತ್ತೊಂದರಲ್ಲಿ ಮನರಂಜನೆಯಾಯಿತು. ಶಾಸನವು ಕೃತ್ಯವನ್ನು ನೋಡದೆ ಕಟ್ಟಡವನ್ನು ನೋಡಿತ್ತು. ಅಮೃತಶಿಲೆಯ ನೆಲದ ಮೇಲೆ ಗಂಡಸಿನ ನಡತೆ ಕೆಡುವುದಿಲ್ಲ ಎಂಬ ವರ್ಗಸಹಜವಾದ ನಂಬಿಕೆಯೊಂದು ಈ ವಿನಾಯಿತಿಯ ಹಿಂದಿದೆ. 2006ರ ಏಪ್ರಿಲ್‌ನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಈ ನಿಷೇಧವನ್ನು ರದ್ದುಪಡಿಸಿತು. 2013ರ ಜುಲೈ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಿಷೇಧದಿಂದ 75,000ಕ್ಕೂ ಹೆಚ್ಚು ಮಹಿಳೆಯರು ಉದ್ಯೋಗ ಕಳೆದುಕೊಂಡರೆಂಬ ಅಂಶ ಆ ತೀರ್ಪಿನಲ್ಲಿ ದಾಖಲಾಗಿದೆ.

2014ರಲ್ಲಿ ಸರ್ಕಾರ ನಿಷೇಧವನ್ನು ಎಲ್ಲ ದರ್ಜೆಯ ಹೋಟೆಲುಗಳಿಗೂ ವಿಸ್ತರಿಸಿತು. 2015ರಲ್ಲಿ ಅದಕ್ಕೆ ತಡೆಯಾಜ್ಞೆ ಬಂದಿತು. ಅಲ್ಲಿಂದ ಮುಂದೆ ಪ್ರಭುತ್ವವು ನಿಷೇಧವನ್ನು ಬಿಟ್ಟು ನಕ್ಷೆಯನ್ನು ಕೈಗೆತ್ತಿಕೊಂಡಿತು ಎನ್ನಬಹುದು. ವೇದಿಕೆಯ ಪಕ್ಕ 3 ಅಡಿ ಎತ್ತರದ ಕಟಾಂಜನ, ಕಟಾಂಜನಕ್ಕೂ ಆಸನಕ್ಕೂ ನಡುವೆ 5 ಅಡಿ ಅಂತರ, ಏಕಕಾಲಕ್ಕೆ ವೇದಿಕೆಯಲ್ಲಿ ನಾಲ್ವರಷ್ಟೇ ನರ್ತಕಿಯರು—ಇವು ಪರವಾನಗಿಯ ಷರತ್ತುಗಳಾದವು. ಒಳಾಂಗಣದ ದೃಶ್ಯವನ್ನು ಪೊಲೀಸರಿಗೆ ನೇರವಾಗಿ ರವಾನಿಸುವ ಕ್ಯಾಮೆರಾದ ಷರತ್ತನ್ನು 2016ರ ಮಾರ್ಚ್‌ನಲ್ಲಿ ನ್ಯಾಯಾಲಯ ಪ್ರವೇಶದ್ವಾರಕ್ಕೆ ಸೀಮಿತಗೊಳಿಸಿತು. ಅದೇ ವರ್ಷದ ಹೊಸ ಅಧಿನಿಯಮ ಮತ್ತು ನಿಯಮಗಳು ಒಳಗಿನ ಕ್ಯಾಮೆರಾವನ್ನು ಮರಳಿ ತಂದುದಲ್ಲದೆ, ನೃತ್ಯದ ಜಾಗದಲ್ಲಿ ಮದ್ಯ ಕೂಡದೆಂದೂ, ವಿದ್ಯಾಸಂಸ್ಥೆ ಮತ್ತು ಪೂಜಾಸ್ಥಳಗಳಿಂದ 1 ಕಿಲೋಮೀಟರ್ ದೂರವಿರಬೇಕೆಂದೂ ವಿಧಿಸಿದವು. ಮುಂಬಯಿಯಂಥ ಕಿಕ್ಕಿರಿದ ನಗರದಲ್ಲಿ ಈ ಕೊನೆಯ ಅಳತೆ ಬೇರೆ ಹೆಸರಿನ ನಿಷೇಧವೇ ಸರಿ.

2019ರ ಜನವರಿ 17ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಈ ದೂರದ ಷರತ್ತು, ಮದ್ಯದ ಪ್ರತ್ಯೇಕತೆ ಮತ್ತು ಕ್ಯಾಮೆರಾದ ಕಡ್ಡಾಯವನ್ನು ತೆಗೆದುಹಾಕಿತು. ಕ್ಯಾಮೆರಾ ಖಾಸಗಿತನದ ಉಲ್ಲಂಘನೆಯೆಂದಿತು. ನೋಟು ತೂರುವುದಕ್ಕಿದ್ದ ನಿಷೇಧವನ್ನು ಉಳಿಸಿ, ಕೈಗೆ ಬಕ್ಷೀಸು ಕೊಡುವುದಕ್ಕೆ ಅವಕಾಶ ನೀಡಿತು. ಈ ಭೇದ ಸೂಕ್ಷ್ಮವಾದದ್ದು. ಪ್ರದರ್ಶನವನ್ನು ಅಳಿಸಿ ಪಾವತಿಯನ್ನು ಉಳಿಸಿದ ಈ ನಿರ್ಧಾರ, ಕೋಣೆಯ ಅರ್ಥಶಾಸ್ತ್ರವನ್ನು ಬಹುಶಃ ಎಲ್ಲ ಅಡಿಪಟ್ಟಿಗಳಿಗಿಂತ ಚೆನ್ನಾಗಿ ಅರಿತುಕೊಂಡಿತ್ತು.

ಈ ಸಂದರ್ಭದಲ್ಲಿ ಬೆಂಗಳೂರಿನ ಅನುಭವವನ್ನೂ ನೆನೆಯಬೇಕು. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ನೀಡಿ ನಿಯಂತ್ರಿಸಲು 2005ರಲ್ಲಿಯೇ ಬೆಂಗಳೂರು ನಗರಕ್ಕಾಗಿ ಹೊರಡಿಸಿದ ಆದೇಶದ ವ್ಯಾಪ್ತಿಗೆ ‘ಲೈವ್ ಬ್ಯಾಂಡ್’ ರೆಸ್ಟೋರೆಂಟುಗಳೂ ಬಂದವು. 2018ರ ಜನವರಿ 25ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ಎತ್ತಿಹಿಡಿಯಿತು. ಒಂದು ರಾಜ್ಯ ನಿಷೇಧದಿಂದ ಆರಂಭಿಸಿ ನಿಯಂತ್ರಣಕ್ಕೆ ಬಂದರೆ, ಮತ್ತೊಂದು ನಿಯಂತ್ರಣದಿಂದಲೇ ಆರಂಭಿಸಿತು. ಸ್ಥಳವನ್ನು ತಿದ್ದಿದರೆ ಮನುಷ್ಯ ತಿದ್ದುತ್ತಾನೆ ಎಂಬ ವಿಶ್ವಾಸ ಎರಡರಲ್ಲೂ ಸಮಾನ.

4. ನಕ್ಷೆಯಲ್ಲಿ ಇಲ್ಲದ ಕೋಣೆ

ಮಾಲೀಕನ ವಿನ್ಯಾಸ ಮತ್ತು ಪ್ರಭುತ್ವದ ವಿನ್ಯಾಸ ಮೇಲ್ನೋಟಕ್ಕೆ ಪರಸ್ಪರ ವಿರೋಧಿಗಳು. ಒಂದು ಅಂತರವನ್ನು ಕಡಿಮೆ ಮಾಡುತ್ತದೆ, ಇನ್ನೊಂದು ಹೆಚ್ಚಿಸುತ್ತದೆ. ಆದರೆ ಎರಡೂ ಅಳತೆಯನ್ನು ತೆಗೆದುಕೊಳ್ಳುವುದು ಗಿರಾಕಿಯ ಆಸನದಿಂದ. ಅವನು ಎಷ್ಟು ಹತ್ತಿರ, ಎಷ್ಟು ದೂರ, ಅವನ ಕೈ ಎಲ್ಲಿಗೆ ಚಾಚೀತು ಎಂಬುದೇ ಎರಡು ನಕ್ಷೆಗಳ ಕೇಂದ್ರ. ನರ್ತಕಿ ಬಟ್ಟೆ ಬದಲಿಸುವ ಕೋಣೆ ಎಷ್ಟು ಅಗಲವಿರಬೇಕು, ಹಾಡುಗಳ ನಡುವೆ ಅವಳು ಕೂರುವುದೆಲ್ಲಿ, ರಾತ್ರಿ ಬಾಗಿಲು ಮುಚ್ಚಿದ ಮೇಲೆ ಅವಳು ಯಾವ ದಾರಿಯಿಂದ ಮನೆಗೆ ಹೋಗಬೇಕು ಎಂಬ ಪ್ರಶ್ನೆಗಳು ಈ ವ್ಯಾಜ್ಯದ ಅಂಚಿನಲ್ಲೇ ಉಳಿದವು. ದುಡಿಯುವವರ ಮೇಲೂ ಪರಿಸರ ಪರಿಣಾಮ ಬೀರುತ್ತದೆ ಎಂದು ಬಿಟ್ನರ್ ಹೇಳಿದ್ದ ಅರ್ಧ ಸಿದ್ಧಾಂತವನ್ನು ವ್ಯಾಪಾರವೂ ಬಳಸಿಕೊಳ್ಳಲಿಲ್ಲ, ಶಾಸನವೂ ಬಳಸಿಕೊಳ್ಳಲಿಲ್ಲ.

ಇದರ ಪರಿಣಾಮ ಕೇವಲ ಸೈದ್ಧಾಂತಿಕವಲ್ಲ. ನಿಷೇಧದ ನಂತರ ಹಲವು ಬಾರ್‌ಗಳು ‘ಆರ್ಕೆಸ್ಟ್ರಾ ಬಾರ್’ ಎಂಬ ಪರವಾನಗಿಯಡಿ ಮುಂದುವರಿದವು. ನರ್ತಕಿಯರು ಗಾಯಕಿಯರೆಂಬ ಹೆಸರಿನಲ್ಲಿ ವೇದಿಕೆಯ ಮೇಲೆ ನಿಂತರು. ಪರವಾನಗಿಯ ಮಿತಿಯನ್ನು ಮೀರಿದ ಕಡೆಗಳಲ್ಲಿ ಹೊಸದೊಂದು ವಾಸ್ತುಭಾಗ ಹುಟ್ಟಿಕೊಂಡಿತು: ಗುಪ್ತ ಕೋಣೆ. 2021ರ ಡಿಸೆಂಬರ್‌ನಲ್ಲಿ ಅಂಧೇರಿಯ ಬಾರೊಂದರ ಮೇಲೆ ನಡೆದ ದಾಳಿಯಲ್ಲಿ, ಕನ್ನಡಿಯ ಹಿಂದೆ ಕಟ್ಟಿದ್ದ ಅಡಗುದಾಣದಿಂದ ಪೊಲೀಸರು 17 ಮಹಿಳೆಯರನ್ನು ಹೊರತಂದರು. ಗಿರಾಕಿಗಾಗಿ ಅವಳನ್ನು ಹಲವಾಗಿ ತೋರಿಸಲು ಗೋಡೆಗೇರಿದ್ದ ಕನ್ನಡಿ, ಕಾನೂನಿನ ಕಣ್ಣಿನಿಂದ ಅವಳನ್ನು ಮರೆಮಾಚುವ ಬಾಗಿಲಾಗಿ ಮಾರ್ಪಟ್ಟಿತು. ನಕ್ಷೆಯಲ್ಲಿ ಅವಳಿಗೆ ಕೊನೆಗೂ ಒಂದು ಕೋಣೆ ದೊರೆತದ್ದು ಹೀಗೆ.

ವಯಸ್ಕರ ಮನರಂಜನಾ ತಾಣಗಳ ವಿನ್ಯಾಸವು ಗಿರಾಕಿಯ ನಡತೆಯನ್ನು ರೂಪಿಸುತ್ತದೆ ಎಂಬ ಮಾತು ಸತ್ಯ. ಆದರೆ ಅದು ಅರ್ಧಸತ್ಯ. ಕೋಣೆಯ ಒಡೆತನ ಯಾರದು, ಅದರೊಳಗೆ ದುಡಿಯುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಬಿಟ್ಟು ದೀಪ, ಕನ್ನಡಿ, ಕಟಾಂಜನಗಳನ್ನು ಮಾತ್ರ ಅಳೆಯುವ ಅಧ್ಯಯನ, ಎಷ್ಟೇ ವೈಜ್ಞಾನಿಕವೆನಿಸಿದರೂ, ಗಿರಾಕಿಯ ಕುರ್ಚಿಯಲ್ಲಿ ಕುಳಿತೇ ಬರೆದ ಅಧ್ಯಯನವಾಗುತ್ತದೆ. ಲಖನೌದ ತೆರಿಗೆ ದಾಖಲೆಯಿಂದ ಅಂಧೇರಿಯ ಗುಪ್ತ ಕೋಣೆಯವರೆಗಿನ ದಾರಿಯನ್ನು ಅಭ್ಯಸಿಸುವ ಸಂಶೋಧನೆಯು ಮೊದಲು ವೇದಿಕೆಯ ಹಿಂದಿನ ಬಾಗಿಲನ್ನು ತೆರೆಯಬೇಕಾಗುತ್ತದೆ.