ಹೊನ್ನಾವರದ ಕಡಲು ಮತ್ತು ಸಮರಕಲೆಗಳ ಮೂಲಕಥೆಗಳು

ಎರಡು ದೇಶಗಳ ಕಾಳಗದ ಪಟ್ಟುಗಳು ಒಂದನ್ನೊಂದು ಹೋಲುತ್ತವೆ ಎಂಬುದನ್ನೇ ಆಧಾರವಾಗಿ ಹಿಡಿದು ಅವುಗಳ ನಡುವೆ ವಂಶಸಂಬಂಧವನ್ನು ಕಲ್ಪಿಸುವ ಬರವಣಿಗೆ ಸಮರಕಲೆಗಳ ಚರಿತ್ರೆಯಲ್ಲಿ ಹೇರಳವಾಗಿದೆ. ಆಫ್ರಿಕಾ ಮತ್ತು ಫಿಲಿಪ್ಪೀನ್ಸ್‌ಗಳ ಕಲೆಗಳು ಈ ಬಗೆಯ ಕಲ್ಪನೆಗೆ ಹೆಚ್ಚಾಗಿ ಒಳಗಾಗಿವೆ. ಆ ಎರಡೂ ನಾಡುಗಳ ಯುದ್ಧಚರಿತ್ರೆ ಹೊನ್ನಾವರದ ಕರಾವಳಿಯನ್ನು ತಾಕಿ ಹೋಗಿರುವುದರಿಂದ ಅವುಗಳ ಮೂಲಕಥೆಗಳನ್ನು ಇಲ್ಲಿ ನಿಂತೇ ಒರೆಗೆ ಹಚ್ಚಬಹುದು.

14ನೆಯ ಶತಮಾನದ ನಡುಭಾಗದಲ್ಲಿ ಗುಜರಾತಿನಿಂದ ಹಡಗೇರಿ ಪಶ್ಚಿಮ ಕರಾವಳಿಗುಂಟ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತನು, ತಾನೇರಿದ ಹಡಗಿನಲ್ಲಿ ಐವತ್ತು ಮಂದಿ ಅಬಿಸೀನಿಯದ, ಅಂದರೆ ಇಂದಿನ ಇಥಿಯೋಪಿಯ ಭಾಗದ, ಯೋಧರಿದ್ದರೆಂದೂ, ಅವರಲ್ಲಿ ಒಬ್ಬನಿದ್ದರೂ ಕಡಲ್ಗಳ್ಳರು ಆ ಹಡಗಿನ ಬಳಿ ಸುಳಿಯರೆಂದೂ ಬರೆದಿದ್ದಾನೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನನು 52 ಹಡಗುಗಳೊಡನೆ ಸಂದಾಬೂರದ, ಎಂದರೆ ಗೋವೆಯ, ಮೇಲೆ ದಂಡೆತ್ತಿ ಹೋದಾಗ ಇಬ್ನ್ ಬತೂತನೂ ಆ ಪಡೆಯಲ್ಲಿದ್ದನು. ಆಫ್ರಿಕದ ಯುದ್ಧಕೌಶಲಕ್ಕೆ ಈ ಕಡಲಿನಲ್ಲಿ ಎಂಥ ಮನ್ನಣೆಯಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ಆದರೆ ಆ ಯೋಧರು ಯಾವ ವರಸೆಯನ್ನು ಕಲಿತಿದ್ದರು, ಅದನ್ನು ಇಲ್ಲಿನವರಿಗೆ ಕಲಿಸಿದರೇ ಎಂಬ ಪ್ರಶ್ನೆಗಳಿಗೆ ಆ ಬರಹದಲ್ಲಿ ಉತ್ತರವಿಲ್ಲ. ಕೀರ್ತಿಯ ದಾಖಲೆಯನ್ನು ಕಲೆಯ ದಾಖಲೆಯೆಂದು ಓದಲಾಗದು.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಾಡುಗಳಲ್ಲಿ ನೆಲೆಸಿರುವ ಸಿದ್ದಿಗಳ ವಿಚಾರದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅವರ ಪೂರ್ವಿಕರಲ್ಲಿ ಬಹುಮಂದಿ ಪೋರ್ಚುಗೀಸರು ಆಫ್ರಿಕದಿಂದ ಗೋವೆಗೆ ತಂದ ಗುಲಾಮರಾಗಿದ್ದು, ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡು ಸೇರಿದವರು. ಡಮಾಮಿ ಎಂಬ ಚರ್ಮವಾದ್ಯದ ಬಡಿತಕ್ಕೆ ಹೆಂಗಸರೂ ಗಂಡಸರೂ ಕುಣಿಯುವ ಅವರ ನೃತ್ಯದಲ್ಲಿ ಗುಪ್ತ ಯುದ್ಧವಿದ್ಯೆಯನ್ನು ಕಾಣುವುದು, ಬ್ರೆಜಿಲ್‌ನ ಕಪೋಯೆರಾದ ಕಥೆಯನ್ನು ಇಲ್ಲಿಗೆ ಎರವಲು ತಂದಂತೆ. ಕಪೋಯೆರಾ ಎಂಬುದು ವಾದ್ಯ, ಹಾಡು, ಒದೆತಗಳು ಒಂದಾಗಿ ಬೆರೆತ, ಗುಲಾಮ ಆಫ್ರಿಕನ್ನರ ನಡುವೆ ಬೆಳೆದ ಕಲೆ. ಅದನ್ನು 1890ರ ಬ್ರೆಜಿಲ್ ದಂಡಸಂಹಿತೆಯೇ ಅಪರಾಧವೆಂದು ಹೆಸರಿಸಿ ಶಿಕ್ಷೆ ವಿಧಿಸಿದ್ದರಿಂದ ಅದರ ಕಾಳಗದ ಸ್ವರೂಪಕ್ಕೆ ಸರ್ಕಾರಿ ಸಾಕ್ಷಿಯಿದೆ. ಅಂಗೋಲದ ‘ಎನ್‌ಗೊಲೊ’ ಎಂಬ ಕುಣಿತವೇ ಅದರ ತಾಯಿಬೇರು ಎಂಬ ವಾದ ಮಾತ್ರ 1960ರ ದಶಕದಲ್ಲಿ ಅಲ್ಬಾನೊ ನೆವೆಸ್ ಇ ಸೊಜಾ ಎಂಬ ಚಿತ್ರಕಾರನಿಂದ ಪ್ರಚಾರಕ್ಕೆ ಬಂದದ್ದು, ಮುಖ್ಯವಾಗಿ ನೋಟದ ಹೋಲಿಕೆಯನ್ನೇ ನೆಚ್ಚಿಕೊಂಡದ್ದು. ಡಮಾಮಿಗೆ ಅಷ್ಟು ಆಧಾರವೂ ಇಲ್ಲ.

ಫಿಲಿಪ್ಪೀನ್ಸ್‌ನ ಎಸ್ಕ್ರಿಮಾ, ಅಂದರೆ ಕೋಲು ಮತ್ತು ಅಲಗುಗಳ ಕಾದಾಟ, ಇದಕ್ಕಿಂತ ಭಿನ್ನವಾದ ಪ್ರಕರಣ. 1505ರಲ್ಲಿ ಹೊನ್ನಾವರಕ್ಕೆ ಬೆಂಕಿಯಿಟ್ಟ ಪೋರ್ಚುಗೀಸ್ ವೈಸರಾಯ್ ಅಲ್ಮೇಡನ ನೌಕಾಪಡೆಯೊಂದಿಗೆ ಭಾರತಕ್ಕೆ ಬಂದ ನಾವಿಕ ಮೆಗೆಲ್ಲನ್, ಮುಂದೆ ಸ್ಪೇನಿನ ಸೇವೆಗೆ ಸೇರಿ 1521ರಲ್ಲಿ ಫಿಲಿಪ್ಪೀನ್ಸ್‌ನ ಮಕ್ತಾನ್ ದ್ವೀಪದಲ್ಲಿ ಅಲ್ಲಿನ ನಾಯಕ ಲಾಪುಲಾಪುವಿನ ಜನರ ಕೈಯಲ್ಲಿ ಹತನಾದನು. ಆ ಗೆಲುವನ್ನು ಎಸ್ಕ್ರಿಮಾದ ಮೊದಲ ವಿಜಯವೆಂದು ಹೊಗಳುವವರು ಅನೇಕರು. ಆದರೆ ಕದನವನ್ನು ಕಣ್ಣಾರೆ ಕಂಡ, ಮೆಗೆಲ್ಲನ್‌ನ ಸಹಯಾತ್ರಿ ಪಿಗಾಫೆಟ್ಟಾ ಬರೆದಿರುವುದು ಬಿದಿರಿನ ಭರ್ಚಿ, ಬಾಣ, ಕಲ್ಲು, ದೊಡ್ಡ ಅಲಗಿನ ಕತ್ತಿಗಳ ಬಗ್ಗೆ, ಜೊತೆಗೆ ಎದುರಾಳಿಗಳ ಅಪಾರ ಸಂಖ್ಯೆಯ ಬಗ್ಗೆ. ಇದಕ್ಕೆ ಪ್ರತಿಯಾಗಿ ಒಂದು ಕೈಯಲ್ಲಿ ಉದ್ದ ಅಲಗು, ಇನ್ನೊಂದರಲ್ಲಿ ಗಿಡ್ಡ ಕಠಾರಿ ಹಿಡಿಯುವ ‘ಎಸ್ಪಾದಾ ಇ ದಾಗಾ’ ಎಂಬ ಅಭ್ಯಾಸದ ಕ್ರಮವೂ ಹೆಸರೂ ಸ್ಪೇನಿನ ಕತ್ತಿವರಸೆಯ ನೇರ ಗುರುತು ಹೊತ್ತಿವೆ. ಸ್ಥಳೀಯ ಕೈಚಳಕ ಈ ಹೊರಗಿನ ಪಾಠವನ್ನು ಅರಗಿಸಿಕೊಂಡು ಹೊಸದೊಂದಾಯಿತು ಎಂಬ ವಾದವೇ ಹೆಚ್ಚು ಒಪ್ಪುವಂಥದು, ಅದರಿಂದ ಕಲೆಯ ಘನತೆ ಕಿಂಚಿತ್ತೂ ಕುಗ್ಗುವುದಿಲ್ಲ. 2009ರಲ್ಲಿ ಫಿಲಿಪ್ಪೀನ್ಸ್ ಇದನ್ನೇ ‘ಆರ್ನಿಸ್’ ಎಂಬ ಹೆಸರಿನಲ್ಲಿ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿತು.

ಹೋಲಿಕೆಯೇ ಸಾಕೆನ್ನುವುದಾದರೆ ಕುಮಟಾ, ಅಂಕೋಲಾಗಳ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಕೋಲುಗಳನ್ನೂ ಎಸ್ಕ್ರಿಮಾಕ್ಕೆ ನೆಂಟರೆನ್ನಬೇಕಾದೀತು. ಆಯುಧದ ಹಿಡಿತ, ಅಭ್ಯಾಸದ ಕ್ರಮ, ಗುರುಪರಂಪರೆ ಮತ್ತು ದಾಖಲೆ ಈ ನಾಲ್ಕರಲ್ಲಿ ಕನಿಷ್ಠ ಎರಡು ಒದಗದೆ ಸಂಬಂಧವನ್ನು ಒಪ್ಪಬಾರದು. ಆ ಅಳತೆಯಲ್ಲಿ ಸ್ಪೇನ್–ಫಿಲಿಪ್ಪೀನ್ಸ್ ನಂಟು ನಿಲ್ಲುತ್ತದೆ, ಎನ್‌ಗೊಲೊ ವಾದ ಅರ್ಧ ದಾರಿಯಲ್ಲಿದೆ, ಡಮಾಮಿಯ ಮೇಲೆ ಹೇರುವ ಯುದ್ಧಕಥೆ ಬೀಳುತ್ತದೆ. ಸಿದ್ದಿ ಹಿರಿಯರ ಹೆಜ್ಜೆ, ಹಾಡು, ಬಡಿತಗಳನ್ನು ಅವರ ಮಾತಿನಲ್ಲೇ ದಾಖಲಿಸುವ ಕೆಲಸವನ್ನು ಉತ್ತರ ಕನ್ನಡ ಜಿಲ್ಲೆಯ ವಿದ್ವಾಂಸರು ಮೊದಲು ಕೈಗೆತ್ತಿಕೊಳ್ಳಬೇಕು.